ಎಲ್ಲರೂ ಅಂದರೆ ಎಷ್ಟು ಜನ?

1930ರ ದಶಕ. ಅಮೆರಿಕದ ಪೆನ್ಸಿಲ್ವೇನಿಯಾದ ಸರ್ಕಾರಿ ಕಾಲೇಜೊಂದರ ಹುಡುಗಿಯರ ಹಾಸ್ಟೆಲ್. ಫೋನು ಬಡಿದುಕೊಳ್ಳುತ್ತದೆ. ಎತ್ತಿದವಳು ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಕೇಳುವಂತೆ ಒಂದು ಹೆಸರು ಕೂಗುತ್ತಾಳೆ. ಆ ಹೆಸರಿನ ಹುಡುಗಿ ಕೋಣೆಯಲ್ಲೇ ಇದ್ದಾಳೆ, ಕೂಗು ಕೇಳಿಸಿದೆ, ಆದರೂ ಏಳುವುದಿಲ್ಲ. ಇನ್ನೊಂದು ಸಲ ಕೂಗಲಿ, ಮತ್ತೂ ಒಂದು ಸಲ ಕೂಗಲಿ ಎಂದು ಸುಮ್ಮನೆ ಕೂತಿರುತ್ತಾಳೆ. ತನಗೆ ಹುಡುಗರ ಫೋನು ಬರುತ್ತದೆ ಎಂಬುದು ಹಾಸ್ಟೆಲಿನ ಅಷ್ಟೂ ಕಿವಿಗಳಿಗೆ ಬೀಳಬೇಕಲ್ಲ!

ಇದನ್ನು ಬರೆದಿಟ್ಟವರು ಅಲ್ಲಿ ಪಾಠ ಹೇಳುತ್ತಿದ್ದ ಸಮಾಜಶಾಸ್ತ್ರಜ್ಞ ವಿಲ್ಲರ್ಡ್ ವಾಲರ್. 1937ರಲ್ಲಿ ಪ್ರಕಟವಾದ ಅವರ ಪ್ರಬಂಧ ಇಂದಿಗೂ ಡೇಟಿಂಗ್ ಕುರಿತ ಚರ್ಚೆಗಳಲ್ಲಿ ತಲೆ ಹಾಕುತ್ತದೆ. ಆ ಕ್ಯಾಂಪಸ್ಸಿನಲ್ಲಿ ಒಬ್ಬ ಹುಡುಗಿಗೆ ಸುಮಾರು ಆರು ಹುಡುಗರಿದ್ದರು. ಹುಡುಗರಿಗೆ ಒಂದು ದರಪಟ್ಟಿಯೇ ಇತ್ತು. ಒಳ್ಳೆಯ ಹೆಸರಿನ ವಿದ್ಯಾರ್ಥಿ ಸಂಘದ ಸದಸ್ಯತ್ವ, ಕೈತುಂಬ ಕಾಸು, ನೀಟಾದ ಬಟ್ಟೆ, ಚೆನ್ನಾಗಿ ಕುಣಿಯಲು ಬರುವ ಕಾಲು, ಮಾತುಗಾರಿಕೆ, ಬೇಕೆಂದಾಗ ಸಿಗುವ ಕಾರು. ಇಷ್ಟಿದ್ದರೆ ಹುಡುಗ ಮೊದಲ ದರ್ಜೆ. ಹುಡುಗಿಯರಿಗೆ ಬೇರೆ ಲೆಕ್ಕ. ಕೊನೆ ಗಳಿಗೆಯಲ್ಲಿ ಕರೆದರೆ ಹೋಗಬಾರದು, ಒಬ್ಬನ ಜೊತೆಯೇ ಪದೇ ಪದೇ ಕಾಣಿಸಿಕೊಳ್ಳಬಾರದು, ಬಿಡುವೇ ಇಲ್ಲದವಳಂತೆ ತೋರಬೇಕು. ಹೈಸ್ಕೂಲು ಮುಗಿಸಿ ಬಂದ ಹದಿನೆಂಟು–ಹತ್ತೊಂಬತ್ತರ ಮಕ್ಕಳು ಈ ನಿಯಮಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದರು. ವಾಲರ್ ಕಂಡದ್ದು ಇಷ್ಟು: ಇಲ್ಲಿ ಯಾರೂ ಯಾರನ್ನೂ ಅಷ್ಟಾಗಿ ಪ್ರೀತಿಸುತ್ತಿಲ್ಲ, ಎಲ್ಲರೂ ಮಿಕ್ಕವರ ಕಣ್ಣಲ್ಲಿ ತಮ್ಮ ಬೆಲೆ ಎಷ್ಟೆಂದು ನೋಡಿಕೊಳ್ಳುತ್ತಿದ್ದಾರೆ.

ಹದಿಹರೆಯದವರ ಡೇಟಿಂಗ್ ಬಗ್ಗೆ ಮಾತು ಬಂದಾಗ ಹಾರ್ಮೋನಿನ ವಿಷಯ ಬರುತ್ತದೆ, ಮೊಬೈಲಿನ ವಿಷಯ ಬರುತ್ತದೆ, ಕಾಲ ಕೆಟ್ಟಿದೆ ಎಂಬ ನಿಟ್ಟುಸಿರಂತೂ ತಪ್ಪದೆ ಬರುತ್ತದೆ. ಪಕ್ಕದ ಬೆಂಚಿನವರು ಏನು ಮಾಡುತ್ತಿದ್ದಾರೆ ಎಂಬ ಅಂದಾಜಿನ ವಿಷಯ ಮಾತ್ರ ಬರುವುದು ಕಡಿಮೆ. ನೂರು ವರ್ಷಗಳ ಚರಿತ್ರೆ ತಿರುವಿ ನೋಡಿದರೆ ಮಕ್ಕಳನ್ನು ಕುಣಿಸಿದ್ದು ಹೆಚ್ಚಾಗಿ ಆ ಅಂದಾಜೇ. ತಮಾಷೆಯೆಂದರೆ, ಅದು ಸಾಮಾನ್ಯವಾಗಿ ತಪ್ಪಿರುತ್ತದೆ.

ಡೇಟಿಂಗ್ ಎಂಬ ಪದ್ಧತಿಯೇನೂ ಅನಾದಿಯಲ್ಲ. 19ನೇ ಶತಮಾನದ ಕೊನೆಯವರೆಗೆ ಅಮೆರಿಕದ ಮಧ್ಯಮವರ್ಗದಲ್ಲಿ ಹುಡುಗ ಹುಡುಗಿಯ ಮನೆಗೇ ಬರುತ್ತಿದ್ದ. ಬಾ ಎಂದು ಕರೆಯುವ ಅಧಿಕಾರ ಹುಡುಗಿಯದು, ಅವಳ ತಾಯಿಯದು. ಹಜಾರದಲ್ಲಿ ಪಿಯಾನೊ, ಚಹಾ, ಒಳಗಿನ ಕೋಣೆಯಲ್ಲಿ ಕಿವಿ ನಿಮಿರಿಸಿ ಕೂತ ಅಮ್ಮ. ಉಪ್ಪಿಟ್ಟು, ಕೇಸರಿಬಾತು ಇಲ್ಲ ಎಂಬುದನ್ನು ಬಿಟ್ಟರೆ ನಮ್ಮ ಹೆಣ್ಣು ನೋಡುವ ಶಾಸ್ತ್ರಕ್ಕೆ ದೂರದ ನೆಂಟ ಎನ್ನಬಹುದು. ಆದರೆ ನಗರಗಳ ಇಕ್ಕಟ್ಟು ಕೋಣೆಗಳಲ್ಲಿ ಬಾಳುತ್ತಿದ್ದ ಕೂಲಿಕಾರರ ಮಕ್ಕಳಿಗೆ ಹಜಾರವೂ ಇಲ್ಲ, ಪಿಯಾನೊವೂ ಇಲ್ಲ. ಅವರು ಹೊರಗೆ, ನಾಟಕಶಾಲೆ, ಡ್ಯಾನ್ಸ್ ಹಾಲುಗಳಲ್ಲಿ ಭೇಟಿಯಾಗತೊಡಗಿದರು. ಅಲ್ಲಿಂದ ಅಭ್ಯಾಸ ಮೇಲ್ವರ್ಗಕ್ಕೆ ಏರಿತು. ಇತಿಹಾಸಕಾರ್ತಿ ಬೆತ್ ಬೈಲಿ 1988ರ ತಮ್ಮ ಪುಸ್ತಕದಲ್ಲಿ ಇದರ ಒಳಸುಳಿಯೊಂದನ್ನು ಹಿಡಿದು ತೋರಿಸಿದ್ದಾರೆ. ಭೇಟಿ ಮನೆಯಿಂದ ಹೊರಗೆ ಬಂದಾಗ ಅದಕ್ಕೆ ದುಡ್ಡು ಬೇಕಾಯಿತು. ದುಡ್ಡು ಹುಡುಗನ ಜೇಬಿನಲ್ಲಿತ್ತು. ಹಾಗಾಗಿ ಕರೆಯುವ ಅಧಿಕಾರ ಹುಡುಗಿಯ ಕೈಯಿಂದ ಹುಡುಗನ ಕೈಗೆ ಹೋಯಿತು. ಸ್ವಾತಂತ್ರ್ಯ ಬಂತು ಎಂದು ಎಲ್ಲರೂ ಹಿಗ್ಗುತ್ತಿದ್ದಾಗ ಹುಡುಗಿಯ ಕೈಯಲ್ಲಿದ್ದ ಒಂದು ಹಕ್ಕು ಸದ್ದಿಲ್ಲದೆ ಜಾರಿತ್ತು.

ಮುಂದೆ ಕಾರು ಬಂತು. ರಾಬರ್ಟ್ ಮತ್ತು ಹೆಲೆನ್ ಲಿಂಡ್ ದಂಪತಿ 1920ರ ದಶಕದಲ್ಲಿ ಇಂಡಿಯಾನಾದ ಮನ್ಸಿ ಪಟ್ಟಣದ ಬದುಕನ್ನು ಅಧ್ಯಯನ ಮಾಡಿ 1929ರಲ್ಲಿ 'ಮಿಡ್ಲ್‌ಟೌನ್' ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಅಲ್ಲಿ ಅಪ್ಪ–ಅಮ್ಮನಿಗೂ ಹೈಸ್ಕೂಲು ಮಕ್ಕಳಿಗೂ ನಡೆಯುತ್ತಿದ್ದ ಜಗಳದ ಕಾರಣಗಳ ಪಟ್ಟಿಯಲ್ಲಿ ಕಾರಿನ ಬಳಕೆಯೂ ಇದೆ. ಇಂದು ಮೊಬೈಲನ್ನು ಬೈಯುವ ಧಾಟಿಯಲ್ಲೇ ಅಂದು ಕಾರನ್ನು ಬೈಯುತ್ತಿದ್ದರು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಆಟದ ನಿಯಮ ತಲೆಕೆಳಗಾಯಿತು. ವಾಲರ್ ಕಾಲದಲ್ಲಿ ಎಷ್ಟು ಹೆಚ್ಚು ಜನರ ಜೊತೆ ಸುತ್ತಿದರೆ ಅಷ್ಟು ಮರ್ಯಾದೆ. 1950ರ ಹೊತ್ತಿಗೆ ಒಬ್ಬನಿಗೆ ಒಬ್ಬಳು, ಒಬ್ಬಳಿಗೆ ಒಬ್ಬ. ಹುಡುಗ ತನ್ನ ಶಾಲೆಯ ಉಂಗುರ ಕೊಡುತ್ತಾನೆ. ಅದು ಅವಳ ಬೆರಳಿಗೆ ದೊಡ್ಡದಾಗುತ್ತದೆ. ಅವಳು ಒಳಗೆ ನೂಲು ಸುತ್ತಿ ತೊಟ್ಟುಕೊಳ್ಳುತ್ತಾಳೆ, ಇಲ್ಲವೇ ಸರಕ್ಕೆ ಪೋಣಿಸಿ ಕತ್ತಿಗೆ ಹಾಕಿಕೊಳ್ಳುತ್ತಾಳೆ. ಅವನ ಉಣ್ಣೆಯ ಸ್ವೆಟರು ಅವಳ ಮೈಮೇಲೆ. ಆಮೇಲೆ ಆ ಇಬ್ಬರತ್ತ ಬೇರೆ ಯಾರೂ ಕಣ್ಣು ಹಾಕುವಂತಿಲ್ಲ. ಇದರಲ್ಲಿ ಪೋಷಕರಿಗೆ ನೆಮ್ಮದಿ ಸಿಗಬೇಕಿತ್ತಲ್ಲವೇ? ಸಿಗಲಿಲ್ಲ. ಹತ್ತು ಜನರ ಜೊತೆ ಕುಣಿದು ಬೆಳೆದ ಆ ಅಪ್ಪಂದಿರು, ಅಮ್ಮಂದಿರು ಮಕ್ಕಳು ಒಬ್ಬರನ್ನೇ ಅಂಟಿಕೊಂಡದ್ದು ನೋಡಿ ಹೌಹಾರಿದರು. ನಾಲ್ಕಾರು ಜನರ ಪರಿಚಯ ಮಾಡಿಕೊಳ್ಳದೆ ಒಬ್ಬನನ್ನೇ ಹಿಡಿದು ಕೂತರೆ ಬೇಗ ಮದುವೆಗೆ ದಾರಿಯಾಗುತ್ತದೆ, ಅದಕ್ಕಿಂತ ಬೇಗ ಬಸಿರಿಗೆ ದಾರಿಯಾಗುತ್ತದೆ ಎಂಬ ಭಯ. ಕೆಲವು ಕ್ಯಾಥೊಲಿಕ್ ಶಾಲೆಗಳು ಜೋಡಿ ಕಟ್ಟಿಕೊಳ್ಳುವುದನ್ನೇ ನಿಷೇಧಿಸಿದವು. ಭಯ ಪೂರ್ತಿ ಸುಳ್ಳೂ ಆಗಿರಲಿಲ್ಲ. 1956ರಲ್ಲಿ ಅಮೆರಿಕದ ಹೆಣ್ಣುಮಕ್ಕಳ ಮೊದಲ ಮದುವೆಯ ಮಧ್ಯಮ ವಯಸ್ಸು 20.1ಕ್ಕೆ ಇಳಿದಿತ್ತು. ಒಂದೇ ತಲೆಮಾರಿನ ಅಂತರದಲ್ಲಿ ನಿನ್ನೆಯ ಸದಾಚಾರ ಇವತ್ತಿನ ಅನಾಚಾರವಾಗಿತ್ತು, ಅಷ್ಟೆ. ನಿಯಮ ಬದಲಾದರೂ ನಿಯಮಕ್ಕೆ ತಲೆಬಾಗಬೇಕೆಂಬ ಒತ್ತಡ ಒಂದಿಷ್ಟೂ ಸಡಿಲಾಗಲಿಲ್ಲ.

ಆ ಒತ್ತಡವನ್ನು ಶಾಲೆಯೇ ಪಾಠ ಮಾಡಿ ಕಲಿಸಿದ ಉದಾಹರಣೆಯೂ ಇದೆ. ಷಿಕಾಗೊ ಬಳಿಯ ಕೊರೊನೆಟ್ ಎಂಬ ಸಂಸ್ಥೆ ತರಗತಿಗಳಲ್ಲಿ ತೋರಿಸಲೆಂದು ಕಿರುಚಿತ್ರಗಳನ್ನು ತಯಾರಿಸುತ್ತಿತ್ತು. 1947ರಲ್ಲಿ 'ಆರ್ ಯು ಪಾಪ್ಯುಲರ್?', 1949ರಲ್ಲಿ 'ಡೇಟಿಂಗ್: ಡೂಸ್ ಅಂಡ್ ಡೋಂಟ್ಸ್'. ಎರಡನೆಯದರಲ್ಲಿ ವುಡಿ ಎಂಬ ಹುಡುಗ. ಯಾವ ಹುಡುಗಿಯನ್ನು ಕರೆಯಬೇಕು, ಫೋನಿನಲ್ಲಿ ಹೇಗೆ ಮಾತಾಡಬೇಕು, ಮನೆಬಾಗಿಲಲ್ಲಿ ಹೇಗೆ ಬೀಳ್ಕೊಳ್ಳಬೇಕು ಎಂಬುದೆಲ್ಲ ಅದರಲ್ಲಿದೆ. ಇವತ್ತು ಅಂತರ್ಜಾಲದಲ್ಲಿ ಅವು ಸಿಗುತ್ತವೆ, ನೋಡಿದವರು ನಗುತ್ತಾರೆ. ಆದರೆ ಡೇಟಿಗೆ ಹೋಗಲು ಮನಸ್ಸಿಲ್ಲದ ಹುಡುಗ ಕತ್ತಲೆ ಕೋಣೆಯಲ್ಲಿ ಕೂತು ಆ ಚಿತ್ರ ನೋಡಿದ್ದರೆ, ತನ್ನಲ್ಲೇ ಏನೋ ಐಬಿದೆ ಎಂದುಕೊಂಡು ಎದ್ದು ಹೋಗಿರುತ್ತಾನೆ.

ಈಗ ಲೆಕ್ಕಕ್ಕೆ ಬರೋಣ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಎರಡು ವರ್ಷಕ್ಕೊಮ್ಮೆ ಹೈಸ್ಕೂಲು ಮಕ್ಕಳ ಸಮೀಕ್ಷೆ ನಡೆಸುತ್ತದೆ. ಲೈಂಗಿಕ ಸಂಪರ್ಕದ ಅನುಭವವಿದೆ ಎಂದವರು 1991ರಲ್ಲಿ ಶೇ. 54, 2021ರಲ್ಲಿ ಶೇ. 30. ಬರೀ ಡೇಟಿಂಗಿನದೂ ಇದೇ ಕಥೆ. ಮನಶ್ಶಾಸ್ತ್ರಜ್ಞೆ ಜೀನ್ ಟ್ವೆಂಗಿ ತೋರಿಸಿಕೊಟ್ಟಂತೆ, ಹಿಂದಿನ ತಲೆಮಾರುಗಳಲ್ಲಿ ಹನ್ನೆರಡನೇ ತರಗತಿಯ ಸುಮಾರು ಶೇ. 85 ಮಕ್ಕಳು ಡೇಟಿಗೆ ಹೋಗುತ್ತಿದ್ದರು. 2015ರಲ್ಲಿ ಅಂಥವರು ಶೇ. 56. ಅದೇ ವರ್ಷ ಪ್ಯೂ ಸಂಶೋಧನಾ ಕೇಂದ್ರ 13ರಿಂದ 17ರ ಮಕ್ಕಳನ್ನು ಕೇಳಿದಾಗ, ಯಾವುದೇ ಬಗೆಯ ಪ್ರಣಯ ಸಂಬಂಧ ಎಂದಾದರೂ ಇತ್ತು ಎಂದವರು ಶೇ. 35. ಮೂರರಲ್ಲಿ ಇಬ್ಬರಿಗೆ ಏನೂ ಇಲ್ಲ! ಡೇಟಿಂಗಿನ ತವರಿನಲ್ಲೇ ಸ್ಥಿತಿ ಹೀಗಿದೆ.

ಆದರೆ ಯಾವುದೇ ತರಗತಿಗೆ ಹೋಗಿ ಕೇಳಿ, "ಎಲ್ರೂ ಮಾಡ್ತಾರೆ" ಎಂಬ ಉತ್ತರ ಸಿಗುತ್ತದೆ. ಎಷ್ಟೋ ಸಮೀಕ್ಷೆಗಳಲ್ಲಿ ಕಂಡದ್ದು ಇದೇ: ತಮ್ಮ ಓರಗೆಯವರ ಅನುಭವವನ್ನು ಮಕ್ಕಳು ಇರುವುದಕ್ಕಿಂತ ಹೆಚ್ಚೆಂದೇ ಊಹಿಸುತ್ತಾರೆ. ಇದಕ್ಕೆ ಕಾರಣ ಸರಳ. ಇದ್ದವರು ಹೇಳಿಕೊಳ್ಳುತ್ತಾರೆ, ಇಲ್ಲದವರು ಬಾಯಿ ಮುಚ್ಚಿಕೊಂಡಿರುತ್ತಾರೆ, ನಡುವೆ ಇಲ್ಲದ್ದನ್ನು ಇದೆಯೆಂದು ಬಡಾಯಿ ಕೊಚ್ಚುವವರೂ ಇರುತ್ತಾರೆ. ಇನ್‌ಸ್ಟಾಗ್ರಾಂ ಬಂದ ಮೇಲೆ ಹೇಳಿಕೊಳ್ಳುವುದು ಒಂದು ಕಲೆಯೇ ಆಗಿದೆ. ಮುಖ ಕಾಣಿಸದೆ ಎರಡು ಕಾಫಿ ಲೋಟ, ಮೇಜಿನ ಮೇಲೆ ಇನ್ನೊಂದು ಕೈ ಮಾತ್ರ ತೋರಿಸುವ ಫೋಟೊ ಹಾಕುವುದಕ್ಕೆ 'ಸಾಫ್ಟ್ ಲಾಂಚ್' ಎಂಬ ಹೆಸರಿದೆ. ಯಾರ ಕೈ ಎಂದು ಇಡೀ ಕ್ಲಾಸು ತಲೆ ಕೆಡಿಸಿಕೊಳ್ಳುತ್ತದೆ. ಶನಿವಾರ ಸಂಜೆ ಮನೆಯಲ್ಲಿ ಅಜ್ಜಿಯ ಜೊತೆ ಟೀವಿ ನೋಡಿದೆ ಎಂದು ಯಾರೂ ಪೋಸ್ಟ್ ಹಾಕುವುದಿಲ್ಲ. ಹಾಗಾಗಿ ಆ ಬಹುಸಂಖ್ಯಾತರು ಎಣಿಕೆಗೇ ಬರುವುದಿಲ್ಲ.

ಒತ್ತಡ ಎಂದಾಕ್ಷಣ ಕೆಟ್ಟ ಸಹವಾಸದ ಹುಡುಗನೊಬ್ಬ "ಬಾರೋ, ಹೆದರ್ತೀಯಾ?" ಎಂದು ಎಳೆಯುವ ದೃಶ್ಯ ದೊಡ್ಡವರ ಮನಸ್ಸಿಗೆ ಬರುತ್ತದೆ. ಸಂಶೋಧನೆ ಹೇಳುವುದು ಬೇರೆ. ಹದಿಹರೆಯದವರ ಲೈಂಗಿಕ ನಡವಳಿಕೆ ಮತ್ತು ಗೆಳೆಯರ ಪ್ರಭಾವದ ಬಗ್ಗೆ ನಾನಾ ದೇಶಗಳಲ್ಲಿ ನಡೆದ 58 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದ ವಿಶ್ಲೇಷಣೆಯೊಂದು 2015ರಲ್ಲಿ ಬಂತು. ನೇರ ಒತ್ತಾಯಕ್ಕಿಂತ, ಗೆಳೆಯರು ಮೆಚ್ಚುತ್ತಾರೋ ಇಲ್ಲವೋ ಎಂಬುದಕ್ಕಿಂತ, ಗೆಳೆಯರು ಅದನ್ನು ಮಾಡುತ್ತಿದ್ದಾರೆ ಎಂಬ ನಂಬಿಕೆಗೇ ನಡವಳಿಕೆಯ ಜೊತೆ ಗಟ್ಟಿ ನಂಟು ಕಂಡಿತು. ಯಾರೂ ತಳ್ಳಬೇಕಿಲ್ಲ. ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದ ಲಾರೆನ್ಸ್ ಸ್ಟೈನ್‌ಬರ್ಗ್ ಮತ್ತು ಮಾರ್ಗೊ ಗಾರ್ಡ್ನರ್ 2005ರಲ್ಲಿ ಪ್ರಕಟಿಸಿದ ಪ್ರಯೋಗವೂ ಇದರ ಪಕ್ಕಕ್ಕೇ ನಿಲ್ಲುತ್ತದೆ. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ; ಹಳದಿ ದೀಪ ಬಂದಾಗ ನಿಲ್ಲಿಸಬೇಕೋ ನುಗ್ಗಬೇಕೋ ಎಂಬ ಪ್ರಶ್ನೆ. 13ರಿಂದ 16ರ ಮಕ್ಕಳು ಒಂಟಿಯಾಗಿ ಆಡಿದಾಗ ದೊಡ್ಡವರಿಗಿಂತ ಅಷ್ಟೇನೂ ಭಿನ್ನವಾಗಿರಲಿಲ್ಲ. ಗೆಳೆಯರು ಪಕ್ಕದಲ್ಲಿದ್ದಾಗ ಅವರ ದುಡುಕು ಎರಡು ಪಟ್ಟಾಯಿತು. ದೊಡ್ಡವರ ಆಟದಲ್ಲಿ ಗೆಳೆಯರಿದ್ದರೂ ವ್ಯತ್ಯಾಸ ಕಾಣಲಿಲ್ಲ.

ಯಾರೂ ಬಾಯಿಬಿಟ್ಟು ಹೇಳದ ನಿಯಮ ಎಷ್ಟು ಬಲವಾಗಿರುತ್ತದೆ ಎಂಬುದಕ್ಕೆ ಇನ್ನೊಂದು ಸೊಗಸಾದ ಅಧ್ಯಯನವಿದೆ. ಅಮೆರಿಕದ ಮಧ್ಯಪಶ್ಚಿಮದ ಒಂದು ಸಣ್ಣ ಊರಿನ ಹೈಸ್ಕೂಲು. ಸಂಶೋಧಕರು ನಿಜ ಹೆಸರು ಮುಚ್ಚಿಟ್ಟು 'ಜೆಫರ್ಸನ್ ಹೈ' ಎಂದು ಕರೆದರು. ಪೀಟರ್ ಬೇರ್‌ಮನ್, ಜೇಮ್ಸ್ ಮೂಡಿ, ಕ್ಯಾಥರೀನ್ ಸ್ಟೋವೆಲ್ ಅಲ್ಲಿನ ಎಂಟುನೂರಕ್ಕೂ ಹೆಚ್ಚು ಮಕ್ಕಳ ಹದಿನೆಂಟು ತಿಂಗಳ ಪ್ರಣಯ ಸಂಬಂಧಗಳ ನಕ್ಷೆ ಬರೆದು 2004ರಲ್ಲಿ ಪ್ರಕಟಿಸಿದರು. ಯಾರು ಯಾರ ಜೊತೆ ಎಂದು ಗೆರೆ ಎಳೆಯುತ್ತ ಹೋದಾಗ 288 ಮಕ್ಕಳು ಒಂದೇ ಉದ್ದನೆಯ ಸರಪಳಿಯಲ್ಲಿ ಸಿಕ್ಕರು. ವಿಚಿತ್ರವೆಂದರೆ ಆ ಸರಪಳಿಯಲ್ಲಿ ಸಣ್ಣ ಸುತ್ತುಗಳೇ ಇಲ್ಲ. ಕಾರಣ ಹುಡುಕಿದಾಗ ಒಂದು ನಿಯಮ ಹೊರಬಿತ್ತು. ನಿನ್ನ ಹಳೆಯ ಹುಡುಗ ಈಗ ಯಾವ ಹುಡುಗಿಯ ಜೊತೆ ಇದ್ದಾನೋ, ಆ ಹುಡುಗಿಯ ಹಳೆಯ ಹುಡುಗನ ಜೊತೆ ನೀನು ಹೋಗಬಾರದು! ಹಾಗೆ ಹೋದರೆ ಉಳಿದವರು ಬಿಟ್ಟದ್ದನ್ನು ಆರಿಸಿಕೊಂಡಂತಾಗುತ್ತದೆ, ಮರ್ಯಾದೆ ಹೋಗುತ್ತದೆ. ಮಕ್ಕಳನ್ನು ನೇರವಾಗಿ ಕೇಳಿದ್ದರೆ ಇಂಥದ್ದೊಂದು ನಿಯಮ ಇದೆಯೆಂದೇ ಅವರು ಹೇಳುತ್ತಿರಲಿಲ್ಲವೇನೊ. ಆದರೂ ಇಡೀ ಶಾಲೆ ಅದನ್ನು ಪಾಲಿಸಿತ್ತು.

ಮದುವೆಯವರೆಗೆ ಬ್ರಹ್ಮಚರ್ಯ ಎಂದು ಪ್ರತಿಜ್ಞೆ ಮಾಡಿಸುವ ಚಳವಳಿಯ ಕಥೆಯೂ ಗುಂಪಿನದ್ದೇ. 1993ರಲ್ಲಿ ದಕ್ಷಿಣದ ಬ್ಯಾಪ್ಟಿಸ್ಟ್ ಚರ್ಚುಗಳು 'ಟ್ರೂ ಲವ್ ವೇಟ್ಸ್' ಶುರುಮಾಡಿದವು. ಇದೇ ಬೇರ್‌ಮನ್ ಮತ್ತು ಹನಾ ಬ್ರೂಕ್ನರ್ 2001ರಲ್ಲಿ ಲೆಕ್ಕ ಹಾಕಿದಾಗ ಪ್ರತಿಜ್ಞೆ ಮಾಡಿದವರಲ್ಲಿ ಮೊದಲ ಅನುಭವ ಸರಾಸರಿ ಹದಿನೆಂಟು ತಿಂಗಳು ಮುಂದಕ್ಕೆ ಹೋಗಿತ್ತು. ಆದರೆ ಇದು ಫಲಿಸಿದ್ದು ಪ್ರತಿಜ್ಞೆ ಮಾಡಿದವರು ಶಾಲೆಯಲ್ಲಿ ಅಲ್ಪಸಂಖ್ಯಾತರಾಗಿದ್ದಾಗ, ತಾವು ಬೇರೆ ಎಂಬ ಹೆಮ್ಮೆ ಇದ್ದಾಗ ಮಾತ್ರ. ಹೆಚ್ಚು ಮಂದಿ ಪ್ರತಿಜ್ಞೆ ಮಾಡಿದ ಕಡೆ ಅದರ ಗುಣ ಇಳಿದುಹೋಯಿತು. ಪ್ರತಿಜ್ಞೆ ಮುರಿದವರು ಆ ಮೊದಲ ಅನುಭವದ ಹೊತ್ತಿಗೆ ಗರ್ಭನಿರೋಧಕ ಬಳಸಿದ್ದೂ ಕಡಿಮೆ. ಸಿದ್ಧತೆ ಮಾಡಿಕೊಳ್ಳುವುದೆಂದರೆ ಮುರಿಯುವ ಉದ್ದೇಶವಿತ್ತು ಎಂದು ಒಪ್ಪಿಕೊಂಡಂತಲ್ಲವೇ?

ಈ ಒತ್ತಡ ಎಲ್ಲರ ಮೇಲೂ ಒಂದೇ ತೂಕದಲ್ಲಿ ಬೀಳುವುದಿಲ್ಲ. ಹೆಚ್ಚು ಸಂಗಾತಿಗಳಿದ್ದ ಹುಡುಗರನ್ನು ಗೆಳೆಯರು ಹೆಚ್ಚು ಮೆಚ್ಚುತ್ತಾರೆ, ಹುಡುಗಿಯರನ್ನು ದೂರ ಮಾಡುತ್ತಾರೆ ಎಂದು ಡೆರೆಕ್ ಕ್ರೇಗರ್ ಮತ್ತು ಜೆರೆಮಿ ಸ್ಟಾಫ್ 2009ರಲ್ಲಿ ಅಂಕಿಅಂಶ ಸಮೇತ ತೋರಿಸಿದರು. ಹಳೆಯ ವಿಷಯ, ಅಂಕಿ ಮಾತ್ರ ಹೊಸದು. ಗಂಡು–ಹೆಣ್ಣಿನ ಜೋಡಿಯ ಅಚ್ಚಿನೊಳಗೆ ಕೂರದವರ ಪಾಡು ಇನ್ನೂ ಕಷ್ಟ. 2010ರಲ್ಲಿ ಮಿಸಿಸಿಪ್ಪಿ ರಾಜ್ಯದ ಇಟವಾಂಬದಲ್ಲಿ ಒಬ್ಬ ವಿದ್ಯಾರ್ಥಿನಿ ಹೈಸ್ಕೂಲಿನ ಪ್ರಾಮ್ ನೃತ್ಯಕೂಟಕ್ಕೆ ತನ್ನ ಗೆಳತಿಯನ್ನು ಕರೆತರುತ್ತೇನೆ ಎಂದಳು. ಶಾಲಾ ಮಂಡಳಿ ಅವಳೊಬ್ಬಳನ್ನು ಬೇಡವೆನ್ನುವ ಬದಲು ಪ್ರಾಮನ್ನೇ ರದ್ದು ಮಾಡಿತು. ಅವಳ ಹಕ್ಕಿಗೆ ಧಕ್ಕೆಯಾಗಿದೆ ಎಂದು ಫೆಡರಲ್ ನ್ಯಾಯಾಲಯ ಹೇಳಿತು. ಆಮೇಲೆ ಪೋಷಕರು ಖಾಸಗಿಯಾಗಿ ಕೂಟ ಏರ್ಪಡಿಸಿದರು. ಅವಳಿಗೆ ತಿಳಿಸಿದ ಜಾಗಕ್ಕೆ ಹೋದರೆ ಅಲ್ಲಿದ್ದದ್ದು ಬೆರಳೆಣಿಕೆಯ ಮಕ್ಕಳು. ಉಳಿದ ತರಗತಿಯೆಲ್ಲ ಇನ್ನೊಂದು ಕಡೆ ಕುಣಿಯುತ್ತಿತ್ತು. ಕೊನೆಗೆ ಶಾಲಾ ಜಿಲ್ಲೆ 35,000 ಡಾಲರ್ ಪರಿಹಾರ ಕೊಟ್ಟು ರಾಜಿಯಾಯಿತು. ಜಾರ್ಜಿಯಾದ ವಿಲ್ಕಾಕ್ಸ್ ಕೌಂಟಿಯಲ್ಲಂತೂ ಬಿಳಿಯ ಮಕ್ಕಳದೇ ಒಂದು ಪ್ರಾಮ್, ಕಪ್ಪು ಮಕ್ಕಳದೇ ಒಂದು ಎಂಬ ರೂಢಿ 2013ರವರೆಗೂ ಇತ್ತು. ಆ ವರ್ಷ ವಿದ್ಯಾರ್ಥಿಗಳೇ ಹಣ ಕೂಡಿಸಿ ಎಲ್ಲರೂ ಸೇರುವ ಕೂಟ ನಡೆಸಿದರು. ಇಲ್ಲಿ ದೊಡ್ಡವರಿಗಿಂತ ಮಕ್ಕಳೇ ವಾಸಿ.

ಹಾಗಾದರೆ ಯಾರ ಜೊತೆಯೂ ಹೋಗದ ಮಕ್ಕಳಿಗೆ ಏನಾಗುತ್ತದೆ? ಜಾರ್ಜಿಯಾ ವಿಶ್ವವಿದ್ಯಾಲಯದ ಬ್ರೂಕ್ ಡಗ್ಲಸ್ ಮತ್ತು ಪಮೇಲಾ ಒರ್ಪಿನಾಸ್ 2019ರಲ್ಲಿ ಇದನ್ನೇ ಕೇಳಿದರು. ಹತ್ತನೇ ತರಗತಿಯ ಮಕ್ಕಳಲ್ಲಿ ಡೇಟಿಂಗ್ ಮಾಡದವರು ಒಂಟಿ ಪಿಶಾಚಿಗಳಾಗಿರಲಿಲ್ಲ. ಬೆರೆಯುವ ಗುಣ, ನಾಯಕತ್ವ ಎರಡರಲ್ಲೂ ಶಿಕ್ಷಕರು ಅವರಿಗೇ ಹೆಚ್ಚು ಅಂಕ ಕೊಟ್ಟರು. ಖಿನ್ನತೆಯೂ ಅವರಲ್ಲಿ ಕಡಿಮೆ ಕಂಡಿತು. ಡೇಟಿಂಗ್ ಮಾಡಿದರೆ ಕೆಡುತ್ತಾರೆ ಎಂದು ಇದರಿಂದ ತೀರ್ಮಾನಿಸಬೇಕಿಲ್ಲ. ಮಾಡದಿದ್ದರೆ ಏನೋ ಕೊರತೆ ಎಂಬ ಮಾತಿಗೆ ಆಧಾರವಿಲ್ಲ ಎಂದರೆ ಸಾಕು.

ಅಮೆರಿಕದಲ್ಲೇ ಬೆಳೆಯುವ ಭಾರತೀಯ ಕುಟುಂಬಗಳ ಮಕ್ಕಳಿಗೆ ಈ ಒತ್ತಡ ಎರಡು ಕಡೆಯಿಂದ ಬರುತ್ತದೆ. 2020ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಶುರುವಾದ 'ನೆವರ್ ಹ್ಯಾವ್ ಐ ಎವರ್' ಸರಣಿ ಇದನ್ನೇ ನಗೆಯಾಗಿಸಿತು. ಕ್ಯಾಲಿಫೋರ್ನಿಯಾದ ತಮಿಳು ಹುಡುಗಿ ದೇವಿಗೆ ಶಾಲೆಯಲ್ಲಿ ಬಾಯ್‌ಫ್ರೆಂಡ್ ಇಲ್ಲದ್ದೇ ಅವಮಾನ. ಮನೆಯಲ್ಲಿ ಆ ಪದ ಎತ್ತಿದರೇ ರಾದ್ಧಾಂತ. ನ್ಯೂಜೆರ್ಸಿಯ, ಬೇ ಏರಿಯಾದ ಕನ್ನಡದ ಮನೆಗಳಿಗೂ ಇದು ಹೊಸದಲ್ಲ. ಪ್ರಾಮಿಗೆ ಹೋಗಲಿ, ಆದರೆ ಗೆಳತಿಯರ ಗುಂಪಿನ ಜೊತೆ ಹೋಗಲಿ ಎಂಬ ರಾಜಿಸೂತ್ರ ಎಷ್ಟೋ ಮನೆಗಳಲ್ಲಿ ಕೇಳಿಬರುತ್ತದೆ.

ಕರ್ನಾಟಕಕ್ಕೆ ಅಮೆರಿಕದ ಹೈಸ್ಕೂಲು ಪ್ರಣಯ ಮೊದಲು ಬಂದದ್ದು ಸಿನಿಮಾದ ಮೂಲಕ ಎಂದರೆ ತೀರಾ ತಪ್ಪಾಗದು. 1987ರ ರವಿಚಂದ್ರನ್ ಅವರ 'ಪ್ರೇಮಲೋಕ'ಕ್ಕೆ ಸ್ಫೂರ್ತಿ 'ಗ್ರೀಸ್ 2' ಎಂಬ ಹಾಲಿವುಡ್ ಚಿತ್ರ. ಬೈಕು, ಕಾಲೇಜು, ಹಂಸಲೇಖರ ಹಾಡು. ಕ್ಯಾಂಪಸ್ಸಿಗೆ ಬಂದ ಮೇಲೆ ಒಂದು ಲವ್ವು ಇರಲೇಬೇಕು ಎಂಬ ನಿರೀಕ್ಷೆಯನ್ನು ಆ ಬಗೆಯ ಚಿತ್ರಗಳು ಒಂದು ತಲೆಮಾರಿನ ತಲೆಯಲ್ಲಿ ಬಿತ್ತಿದವು. ಆದರೆ ಅದೇ ಚಿತ್ರ ನೋಡಿ ಸೀಟಿ ಹೊಡೆದವರು ಈಗ ಪಿಯು ಮಕ್ಕಳ ಅಪ್ಪಂದಿರು, ಮಗಳ ಮೊಬೈಲಿನ ಪಾಸ್‌ವರ್ಡ್ ಕೇಳುತ್ತಿದ್ದಾರೆ. 1950ರ ಅಮೆರಿಕದ ಪೋಷಕರಿಗೆ ಇವರೇನೂ ಕಡಿಮೆಯಿಲ್ಲ.

ಇಲ್ಲಿಯ ಮಕ್ಕಳು ಕ್ಲಾಸಿನ 'ಎಲ್ರೂ' ಜೊತೆಗೆ ಅಪ್ಪ–ಅಮ್ಮನ 'ನಾಲ್ಕು ಜನ'ರನ್ನೂ ಹೊರಬೇಕು. ನಾಲ್ಕು ಜನ ಏನಂದಾರು ಎಂಬ ಭಯದ ಹಿಂದೆ ಜಾತಿ ಇದೆ, ಧರ್ಮವಿದೆ, ತಂಗಿಯ ಮದುವೆ ಇದೆ. 2018ರ ಲೋಕ್ ಫೌಂಡೇಷನ್–ಆಕ್ಸ್‌ಫರ್ಡ್ ಸಮೀಕ್ಷೆಯಲ್ಲಿ ಮದುವೆಯಾದ ಭಾರತೀಯರಲ್ಲಿ ಶೇ. 93 ಮಂದಿ ತಮ್ಮದು ಮನೆಯವರು ನೋಡಿ ಮಾಡಿದ ಮದುವೆ ಎಂದರು. ಕರಾವಳಿಯಲ್ಲಿ ಆ ನಾಲ್ಕು ಜನ ಕೆಲವೊಮ್ಮೆ ನಲವತ್ತಾಗಿ, ಕೈಯಲ್ಲಿ ದೊಣ್ಣೆ ಹಿಡಿದೂ ಬರುತ್ತಾರೆ. 2009ರ ಜನವರಿಯ ಮಂಗಳೂರು ಪಬ್ ದಾಳಿ, 2012ರ ಜುಲೈಯಲ್ಲಿ ಪಡೀಲಿನ ಹೋಮ್‌ಸ್ಟೇಯಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದ ಹುಡುಗ ಹುಡುಗಿಯರ ಮೇಲಾದ ದಾಳಿ ಇನ್ನೂ ಜನರ ನೆನಪಿನಲ್ಲಿವೆ.

ಈ ನಾಲ್ಕು ಜನರ ಲೆಕ್ಕಾಚಾರವೂ ತಪ್ಪೇ. ಹದಿನೇಳು ಪ್ರೀತಿಸುವ ವಯಸ್ಸಲ್ಲ ಎನ್ನುವ ಸಮಾಜಕ್ಕೆ ಅದು ಮದುವೆಯ ವಯಸ್ಸಾಗಿ ಕಂಡದ್ದುಂಟು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20–24 ವಯಸ್ಸಿನ ಹೆಣ್ಣುಮಕ್ಕಳ ಪೈಕಿ ಶೇ. 21.3 ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಮಗಳು ಯಾರ ಜೊತೆಗೋ ಓಡಿಹೋದಾಳು ಎಂಬ ಅಂಜಿಕೆಯಿಂದಲೇ ಬೇಗ ತಾಳಿ ಕಟ್ಟಿಸುವ ಮನೆಗಳು ಹಳ್ಳಿಗಳಲ್ಲಿ ಇಂದಿಗೂ ಇವೆ.

ಅಮೆರಿಕದ ಹದಿನೇಳರ ಜೋಡಿ ಮೂರು ತಿಂಗಳಲ್ಲಿ ಬೇಸರ ಹತ್ತಿ ಬೇರೆಯಾಗುತ್ತದೆ, ಒಂದು ವಾರ ಅತ್ತು ಮುಂದಕ್ಕೆ ಹೋಗುತ್ತದೆ. ಇಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಜೊತೆಗೆ ನಿಂತದ್ದು ಯಾರ ಕಣ್ಣಿಗಾದರೂ ಬಿದ್ದರೆ, ತಾನಾಗಿಯೇ ಆರಿಹೋಗಬಹುದಾಗಿದ್ದ ಆಕರ್ಷಣೆ ಒಂದೇ ರಾತ್ರಿಯಲ್ಲಿ ಜೀವನ್ಮರಣದ ಪ್ರಶ್ನೆಯಾಗುತ್ತದೆ. ಹುಡುಗಿಯ ಕಾಲೇಜು ಬಿಡಿಸುತ್ತಾರೆ, ಗಂಡು ಹುಡುಕುತ್ತಾರೆ. ಮುಂದೆ ಉಳಿಯುವುದು ಓಡಿಹೋಗುವ ದಾರಿ. ಓಡಿಹೋದ ಮೇಲೆ ಪೊಲೀಸ್ ಠಾಣೆ.

ಠಾಣೆಯಲ್ಲಿ ಕಾಯುತ್ತಿರುವುದು 2012ರ ಪೋಕ್ಸೊ ಕಾಯ್ದೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡಲು ಬಂದ, ಬರಲೇಬೇಕಿದ್ದ ಕಾನೂನು. ಅದಕ್ಕೆ ಮೊದಲು ದಶಕಗಳ ಕಾಲ ಸಮ್ಮತಿಯ ವಯಸ್ಸು 16 ಇತ್ತು. ಪೋಕ್ಸೊ ಅದನ್ನು 18 ಮಾಡಿತು. ಹದಿನೆಂಟರೊಳಗಿನವರ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆಯಿಲ್ಲ. 2019ರ ತಿದ್ದುಪಡಿಯ ನಂತರ ಲೈಂಗಿಕ ಸಂಪರ್ಕಕ್ಕೆ ಕನಿಷ್ಠ ಶಿಕ್ಷೆಯೇ ಹತ್ತು ವರ್ಷ. ದ್ವಿತೀಯ ಪಿಯು ಓದುವ ಜೋಡಿಯೊಂದನ್ನು ಊಹಿಸಿಕೊಳ್ಳಿ. ಅವನಿಗೆ ಜೂನ್‌ನಲ್ಲಿ ಹದಿನೆಂಟು, ಅವಳಿಗೆ ಡಿಸೆಂಬರ್‌ನಲ್ಲಿ. ಅವರ ನಡುವಿನ ಸಂಪರ್ಕ ಮೇ ತಿಂಗಳಲ್ಲಿ ನಡೆದಿದ್ದರೆ, ದೂರು ಬಂದಾಗ ಅವನು ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲುತ್ತಾನೆ. ಜುಲೈನಲ್ಲಿ ನಡೆದಿದ್ದರೆ ವಿಶೇಷ ನ್ಯಾಯಾಲಯದಲ್ಲಿ ವಯಸ್ಕ ಆರೋಪಿ. ಮರುವರ್ಷದ ಜನವರಿಯಲ್ಲಿ ನಡೆದದ್ದಾದರೆ ಅಪರಾಧವೇ ಅಲ್ಲ.

ಬೆಂಗಳೂರಿನ ಎನ್‌ಫೋಲ್ಡ್ ಟ್ರಸ್ಟ್ ಅಸ್ಸಾಂ, ಮಹಾರಾಷ್ಟ್ರ, ಪಶ್ಚಿಮ ಬಂಗಾಳಗಳ 2016–20ರ 7,064 ಪೋಕ್ಸೊ ತೀರ್ಪುಗಳನ್ನು ಓದಿ ನೋಡಿತು. 1,715 ಪ್ರಕರಣಗಳು, ಅಂದರೆ ಸುಮಾರು ನಾಲ್ಕರಲ್ಲಿ ಒಂದು, ಪ್ರೇಮ ಸಂಬಂಧದ್ದು. ಬಹುಪಾಲು ದೂರು ಕೊಟ್ಟವರು ಹುಡುಗಿಯ ತಂದೆ, ತಾಯಿ, ಬಂಧುಗಳು. ಹೆಚ್ಚಿನವು ಖುಲಾಸೆಯಲ್ಲಿ ಮುಗಿದವು. ಖುಲಾಸೆಯಾಗುವ ಹೊತ್ತಿಗೆ ಹುಡುಗನ ಪರೀಕ್ಷೆ, ಕೆಲಸ, ಊರಿನಲ್ಲಿದ್ದ ಹೆಸರು ಏನಾಗಿರುತ್ತದೆ ಎಂಬುದು ತೀರ್ಪಿನಲ್ಲಿ ಇರುವುದಿಲ್ಲ.

2022ರ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠದ ಮುಂದೆ ಇಂಥದ್ದೇ ಪ್ರಕರಣ ಬಂತು. 2017ರಲ್ಲಿ ಹದಿನೇಳರ ಹುಡುಗಿ ಪ್ರೀತಿಸಿದವನ ಜೊತೆ ಹೋಗಿದ್ದಳು. ಪ್ರಕರಣ ಪೀಠದ ಮುಂದೆ ಬರುವ ಹೊತ್ತಿಗೆ ಇಬ್ಬರೂ ಮದುವೆಯಾಗಿ ಮಕ್ಕಳೂ ಆಗಿದ್ದವು. ನ್ಯಾಯಮೂರ್ತಿಗಳಾದ ಸೂರಜ್ ಗೋವಿಂದರಾಜ್ ಮತ್ತು ಜಿ. ಬಸವರಾಜ ಬಿಡುಗಡೆಯನ್ನು ಎತ್ತಿಹಿಡಿದು, ವಯಸ್ಸಿನ ಮಿತಿಯ ಬಗ್ಗೆ ಮರುಯೋಚನೆ ಮಾಡುವಂತೆ ಕಾನೂನು ಆಯೋಗಕ್ಕೆ ಹೇಳಿದರು. ಆಯೋಗದ ಅಧ್ಯಕ್ಷರಾಗಿದ್ದವರು ಇದೇ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ರಿತುರಾಜ್ ಅವಸ್ಥಿ. 2023ರ ಸೆಪ್ಟೆಂಬರಿನಲ್ಲಿ ಬಂದ 283ನೇ ವರದಿ 18ನ್ನು ಇಳಿಸುವುದು ಬೇಡ ಎಂದಿತು. ಬಾಲ್ಯವಿವಾಹಕ್ಕೆ, ಮಕ್ಕಳ ಸಾಗಣೆಗೆ ದಾರಿ ಮಾಡಿಕೊಟ್ಟಂತಾಗುತ್ತದೆ ಎಂಬುದು ಅದರ ಆತಂಕ, ಅದನ್ನು ಸುಲಭವಾಗಿ ತಳ್ಳಿಹಾಕಲಾಗದು. 16ರಿಂದ 18ರವರ ಪ್ರಕರಣಗಳಲ್ಲಿ ಶಿಕ್ಷೆ ಕಡಿಮೆ ಮಾಡುವ ವಿವೇಚನೆಯನ್ನು ನ್ಯಾಯಾಧೀಶರಿಗೆ ಕೊಡಬಹುದು ಎಂದಷ್ಟೇ ಸಲಹೆ ಮಾಡಿತು. ಕೆನಡಾ ಇದನ್ನು ಬೇರೆ ಬಗೆಯಲ್ಲಿ ಬಿಡಿಸಿಕೊಂಡಿದೆ. 2008ರಲ್ಲಿ ಅಲ್ಲಿ ಸಮ್ಮತಿಯ ವಯಸ್ಸನ್ನು 14ರಿಂದ 16ಕ್ಕೆ ಏರಿಸಿದಾಗ, ಸಂಗಾತಿಗಳ ನಡುವೆ ಐದು ವರ್ಷಕ್ಕಿಂತ ಕಡಿಮೆ ಅಂತರವಿದ್ದರೆ 14–15ರವರಿಗೂ ವಿನಾಯಿತಿ ಇಟ್ಟರು. ವಯಸ್ಸಾದವನೊಬ್ಬ ಮಗುವನ್ನು ಬಳಸಿಕೊಳ್ಳುವುದು ಬೇರೆ, ಒಂದೇ ಬೆಂಚಿನ ಇಬ್ಬರು ಕೈಹಿಡಿಯುವುದು ಬೇರೆ ಎಂಬ ವಿವೇಕ ಅದರಲ್ಲಿದೆ. ನಮ್ಮ ಕಾನೂನಿಗೂ ಇಂಥದ್ದೊಂದು ಕಂಡಿ ಬೇಕು. ಆದರೆ ಕೇಂದ್ರ ಸರ್ಕಾರ 2025ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ 18ರಿಂದ ಕದಲುವುದಿಲ್ಲ ಎಂದೇ ವಾದಿಸಿದೆ.

ಧಾರವಾಡದ ಆ ಆದೇಶದಲ್ಲಿ ಇನ್ನೊಂದು ಮಾತಿತ್ತು. ಒಂಬತ್ತನೇ ತರಗತಿಯಿಂದಲೇ ಮಕ್ಕಳಿಗೆ ಪೋಕ್ಸೊ ಬಗ್ಗೆ ತಿಳಿಹೇಳಬೇಕು ಎಂದು ಶಿಕ್ಷಣ ಇಲಾಖೆಗೆ ಸೂಚನೆ. ಒಳ್ಳೆಯದೇ. ಆದರೆ ಯಾವ ಸೆಕ್ಷನ್ನಿಗೆ ಎಷ್ಟು ವರ್ಷ ಎಂಬ ಪಟ್ಟಿಯನ್ನಷ್ಟೇ ಒಪ್ಪಿಸಿದರೆ ಅದು ಮತ್ತೊಂದು ಹೆದರಿಕೆಯ ಪಾಠವಾದೀತು. ಹೆದರಿಸದೆ ತಿಳಿಸುವ ದಾರಿಯೂ ಇದೆ. ಅಮೆರಿಕದ ಕೆಲವು ಕಾಲೇಜುಗಳು 1990ರ ದಶಕದಲ್ಲಿ ಕುಡಿತದ ವಿಷಯದಲ್ಲಿ ಒಂದು ಉಪಾಯ ಹೂಡಿದ್ದವು. ನಿಮ್ಮ ಕ್ಯಾಂಪಸ್ಸಿನಲ್ಲಿ ಮಿತಿಮೀರಿ ಕುಡಿಯುವವರು ನೀವಂದುಕೊಂಡಷ್ಟು ಇಲ್ಲ ಎಂದು ನಿಜವಾದ ಅಂಕಿಯನ್ನೇ ಗೋಡೆಗೆ ಅಂಟಿಸಿದರು. ಕೆಲವು ಕಡೆ ಕುಡಿತ ಇಳಿಯಿತು, ಕೆಲವು ಕಡೆ ಇಳಿಯಲಿಲ್ಲ. ನಮ್ಮ ಒಂಬತ್ತನೇ ತರಗತಿಯಲ್ಲೂ ಇದನ್ನು ಪ್ರಯತ್ನಿಸಬಹುದು. ಹೆಸರು ಬರೆಯದ ಚೀಟಿಯಲ್ಲಿ ಮಕ್ಕಳು ಎರಡು ಪ್ರಶ್ನೆಗೆ ಉತ್ತರಿಸಲಿ: ನಿನಗೆ ಬಾಯ್‌ಫ್ರೆಂಡೋ ಗರ್ಲ್‌ಫ್ರೆಂಡೋ ಇದ್ದಾರೆಯೇ? ಈ ಕ್ಲಾಸಿನಲ್ಲಿ ಎಷ್ಟು ಜನರಿಗೆ ಇದ್ದಾರೆ ಅಂತ ನಿನ್ನ ಲೆಕ್ಕ? ಮೊದಲನೆಯದಕ್ಕೆ ಹೌದು ಎಂದವರ ಸಂಖ್ಯೆಯನ್ನೂ ಎರಡನೆಯದರ ಸರಾಸರಿಯನ್ನೂ ಅಕ್ಕಪಕ್ಕ ಬೋರ್ಡಿನ ಮೇಲೆ ಬರೆಯಲಿ. ಇದಕ್ಕೆ ಬೇಕಾಗುವುದು ಒಂದು ಪೀರಿಯಡ್, ಒಂದು ಮುಚ್ಚಿದ ಡಬ್ಬಿ, ಚೀಟಿ ಎಣಿಸಲು ಇಬ್ಬರು ವಿದ್ಯಾರ್ಥಿಗಳು.